ಗಿಣಿ ತಪ್ಪು ಹೇಳಿದ ಶ್ರಾವಣ

ಸದ್ದು ಮಾಡದ ಲಾರಿ ಒಳ್ಳೆಯದೇ. ಹೊಗೆಯಿಲ್ಲ, ಗದ್ದಲವಿಲ್ಲ, ಡೀಸೆಲ್ಲಿನ ನಾತವಿಲ್ಲ. ಆದರೆ ಅಂಥ ಲಾರಿಯನ್ನು, ಅದೂ ಡ್ರೈವರ್ ಇಲ್ಲದ್ದನ್ನು, ಆಳದ ಕಲ್ಲುಗಣಿಯೊಳಗೆ ದುಡಿಯುವ ಜನರ ನಡುವೆ ಬಿಟ್ಟರೆ ಏನಾದೀತು? ಹಿರೇಕಲ್ಲೂರಿನ ಕೆಂಪುಕಲ್ಲಿನ ಕ್ವಾರಿಯಲ್ಲಿ ಅದನ್ನೂ ಮಾಡಿ ನೋಡಿದರು. ಇಪ್ಪತ್ತು ಟನ್ನಿನ ಬಂಡಿ ಬೆಕ್ಕಿನ ಹಾಗೆ ಬೆನ್ನ ಹಿಂದೆ ಬಂದು ನಿಲ್ಲತೊಡಗಿತು. ಮೊದಲ ವಾರದಲ್ಲೇ ಜನ ಕೆಲಸ ಬಿಟ್ಟು ಗೇಟಿನ ಮುಂದೆ ಕೂತರು.

ಹಾರ್ನ್ ಹಾಕಿದರಾಗದೇ ಎಂದು ನೀವು ಕೇಳಬಹುದು. ಕಂಪನಿಯವರೂ ಹಾಗೇ ಕೇಳಿದರು. ಕಲ್ಲು ಕೊರೆಯುವ ಡ್ರಿಲ್ಲಿನ ಆರ್ಭಟಕ್ಕೆ ಕಿವಿ ಕೆಡಬಾರದೆಂದು ಎಲ್ಲರ ಕಿವಿಗೂ ಬೆಣೆ ಜಡಿದಿರುತ್ತದೆ. ಬೆಣೆ ತೆಗೆದರೂ ಹಾರ್ನಿನ ಸದ್ದು ನಾಲ್ಕು ಗೋಡೆಗೆ ಬಡಿದು ನಾಲ್ಕು ದಿಕ್ಕಿನಿಂದ ಬರುತ್ತದೆ. ಬಂಡಿ ಬರುತ್ತಿದೆ ಎಂದು ಗೊತ್ತಾದರೆ ಸಾಲದು, ಎತ್ತಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ಜೀವ ಉಳಿಯುವುದು ಎರಡನೆಯದರಿಂದ.

ಆಗ ಬಂದದ್ದೇ ಎಲುಬಿನ ಮೂಲಕ ಕೇಳಿಸುವ ಯಂತ್ರ. ಹೆಲ್ಮೆಟ್ಟಿನ ಪಟ್ಟಿಯಿಂದ ಇಳಿದು, ಎರಡೂ ಕೆನ್ನೆಯ ಎಲುಬಿನ ಮೇಲೆ, ದವಡೆಯ ಕೀಲಿಗೆ ತಾಗಿ ಕೂರುವ ಎರಡು ಗುಂಡಿಗಳು. ಅವು ಮೆಲ್ಲಗೆ ನಡುಗುತ್ತವೆ, ನಡುಕ ಎಲುಬಿನಲ್ಲಿ ಹರಿದು ಒಳಗಿವಿ ಮುಟ್ಟುತ್ತದೆ. ಹೊರಗಿವಿಯ ಹಂಗೇ ಇಲ್ಲ. ತೊಡಕೇನೆಂದರೆ, ಎಲುಬಿಗೆ ಎಡಬಲದ ಭೇದವಿಲ್ಲ. ಎಡಗೆನ್ನೆಗೆ ತಟ್ಟಿದ ನಡುಕ ಬಲದ ಒಳಗಿವಿಗೂ ಹೋಗುತ್ತದೆ. ಹಾಗೆ ಅಕ್ಕಪಕ್ಕದ ಮನೆಗೆ ನುಗ್ಗಿದ ಸದ್ದನ್ನು ಅಳಿಸಲು ಬಲದ ಗುಂಡಿ ಅದೇ ಹೊತ್ತಿಗೆ ವಿರುದ್ಧದ ನಡುಕವನ್ನು ಕಳಿಸಬೇಕು. ಎಷ್ಟು ಕಳಿಸಬೇಕು ಎಂಬುದು ಆಯಾ ತಲೆಬುರುಡೆಯ ಮೇಲೆ ನಿಂತಿದೆ. ಆದ್ದರಿಂದ ಒಬ್ಬೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ತಲೆಯ ಅಳತೆ ತೆಗೆದರು. ಲೆಕ್ಕ ಸರಿ ಇದ್ದರೆ ಬಂಡಿ ಎಡದಲ್ಲಿದ್ದಾಗ ಅದರ ಗಡಗಡ ಎಡದಿಂದಲೇ ಕೇಳಿಸುತ್ತದೆ. ತಪ್ಪಿದರೆ ಅಳಿಸಬೇಕಾದದ್ದು ಉಳಿದು, ಉಳಿಯಬೇಕಾದದ್ದು ಅಳಿಸಿ, ಎಡದ ಬಂಡಿ ಬಲದಲ್ಲಿ ಓಡುತ್ತದೆ. ಆ ಗಡಗಡವೂ ಹಳೆಯ ಡೀಸೆಲ್ ಲಾರಿಯದೇ. ಜನಕ್ಕೆ ಅದರ ಹೆದರಿಕೆ ಮೊದಲೇ ರೂಢಿಯಿತ್ತಲ್ಲ.

ಜನ ಅದಕ್ಕೆ ಗಿಣಿ ಎಂದು ಹೆಸರಿಟ್ಟರು. ಗಿಣಿಶಾಸ್ತ್ರದವನ ಗಿಣಿ ಸುಳ್ಳಾದರೂ ಆದೀತು, ನಮ್ಮ ಗಿಣಿ ಸುಳ್ಳಾಗದು ಎನ್ನುವಷ್ಟು ಅದನ್ನು ನಂಬಿದರು. ಸಂಕ್ರಾಂತಿಯ ಹೊತ್ತಿಗೆ ಬಂದ ಗಿಣಿ ಆಷಾಢ ಮುಗಿಯುವ ತನಕ ಒಬ್ಬರ ಉಗುರಿಗೂ ನೋವಾಗದಂತೆ ಕಾದಿತು ಎಂದು ಕಂಪನಿ ಹೇಳಿಕೊಂಡಿತು.

ಶ್ರಾವಣ ಹುಟ್ಟಿದ್ದೇ ತಡ, ಗಿಣಿಗೆ ಏನೋ ಆಯಿತು.

ಮೊದಲು ಸಂಗಪ್ಪ ಎಂಬುವನು ಬಂಡಿಯಿಂದ ತಪ್ಪಿಸಿಕೊಳ್ಳಲು ಹೋಗಿ ಬಂಡಿಯ ಮುಂದೆಯೇ ಹಾರಿದ. ಬಂಡಿ ತಾನಾಗಿಯೇ ನಿಂತದ್ದರಿಂದ ಬದುಕಿದ. ಎರಡು ದಿನಕ್ಕೆ ಡ್ರಿಲ್ಲಿನ ರೇವಣಪ್ಪನೂ ಹಾಗೇ ಮಾಡಿದ. ಆಮೇಲೆ ಇನ್ನಿಬ್ಬರು. ಎಲ್ಲರೂ ಹೇಳಿದ್ದು ಒಂದೇ ಮಾತು: "ಗಿಣಿ ಆ ಕಡೆ ಅಂತು, ಬಂಡಿ ಈ ಕಡೆ ಬಂತು."

ಗಿಣಿಗಳನ್ನು ನೋಡಿಕೊಳ್ಳುವ ಕೆಲಸ ದಾನೇಶ್ವರಿಯದು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು, ಗಣಿಯ ದಂಡೆಯ ಮೇಲಿನ ಕಂಟ್ರೋಲ್ ರೂಮಿನಲ್ಲಿ ಪರದೆಯ ಮುಂದೆ ಕೂರುವವಳು. ಗಣಿಯೊಳಗಿನ ಪ್ರತಿಯೊಬ್ಬರೂ ಆ ಪರದೆಯ ಮೇಲೆ ಒಂದೊಂದು ಹಸಿರು ಚುಕ್ಕೆ. ಅದರಲ್ಲೊಂದು ಚುಕ್ಕೆ ಅವಳ ಗಂಡ ಮಹಾಂತೇಶ. ಕಲ್ಲಿಗೆ ಮದ್ದು ತುಂಬುವ ತಂಡದ ಮೇಸ್ತ್ರಿ. ಅವಳಿಗೀಗ ಐದು ತಿಂಗಳು. ಹಿಂದೆ ಎರಡು ಸಲ ಮೂರನೆಯ ತಿಂಗಳಲ್ಲೇ ಕಳೆದುಕೊಂಡವಳು.

ದಾನೇಶ್ವರಿ ಮೊದಲು ಪ್ಲಾಸ್ಟಿಕ್ಕಿನ ಅಳತೆತಲೆಗೆ ಗಿಣಿ ಕಟ್ಟಿ ನೋಡಿದಳು. ಸರಿ. ತನ್ನ ತಲೆಗೆ ತನ್ನ ಅಳತೆಯ ಗಿಣಿ ಕಟ್ಟಿ ನೋಡಿದಳು. ಅದೂ ಸರಿ. ಸಂಗಪ್ಪನನ್ನೂ ರೇವಣಪ್ಪನನ್ನೂ ಕರೆಸಿ ಕಣ್ಣು ಕಟ್ಟಿ ಕೂರಿಸಿ ಸದ್ದು ಬಿಟ್ಟಳು. ಇಬ್ಬರೂ ಎಡಕ್ಕೆ ಬಲ, ಬಲಕ್ಕೆ ಎಡ ತೋರಿಸಿದರು. ಹೊಸ ಗಿಣಿ ತಂದು ಕಟ್ಟಿದಳು. ಮತ್ತೆ ಅದೇ. ಅಂದರೆ ಯಂತ್ರ ಕೆಟ್ಟಿಲ್ಲ, ತಲೆಯ ಅಳತೆ ತಪ್ಪಿದೆ. ಅಳತೆ ತಪ್ಪಿದ್ದರೆ ಆರು ತಿಂಗಳು ಸರಿಯಾಗಿ ಕೇಳಿಸಿದ್ದು ಹೇಗೆ? ನಾಲ್ಕು ಜನರ ತಲೆಬುರುಡೆ ಒಂದೇ ವಾರದಲ್ಲಿ ಬದಲಾಯಿತೇ?

"ತಲಿ ಬದಲಾಗಿಲ್ರಿ, ತಲಿಯೊಳಗಿಂದು ಬದಲಾಗಿರಬೇಕು," ಎಂದರು ಶಿಫ್ಟಿನ ಇನ್‌ಚಾರ್ಜ್ ದೇಶಪಾಂಡೆ. "ಶ್ರಾವಣದಾಗ ಒಂದೊತ್ತು ಇರ್ತಾರ, ತೂಕಡಿಸ್ತಾರ. ಆ ನಾಕೂ ಮಂದೀನ ಮ್ಯಾಲಿನ ಕೆಲಸಕ್ಕ ಹಾಕ್ರಿ, ಆತು."

ಆತು ಅನ್ನುವುದು ಸುಲಭ. ದಾನೇಶ್ವರಿಗೆ ಕೂತಲ್ಲಿ ಕೂರಲಾಗಲಿಲ್ಲ. ನಾಲ್ಕು ಜನರಿಗೆ ಆದದ್ದು ಐದನೆಯವನಿಗೆ ಆಗಬಾರದೆಂದು ಎಲ್ಲಿ ಬರೆದಿದೆ?

ಮನೆಯಲ್ಲಿ ಮಹಾಂತೇಶನಿಗೂ ಕೂರಲಾಗುತ್ತಿರಲಿಲ್ಲ. ಅವನ ಚಡಪಡಿಕೆ ಬೇರೆ. ಪಡಸಾಲೆಯಿಂದ ಅಂಗಳ, ಅಂಗಳದಿಂದ ಪಡಸಾಲೆ. ಹುಣಸೆಬೀಜ ಬಾಯಿಗೆ ಹಾಕುವುದು, ಥೂ ಎಂದು ಉಗುಳುವುದು. ಇಪ್ಪತ್ತು ವರ್ಷದ ಎಲೆ ತಂಬಾಕನ್ನು ಅವನು ಶ್ರಾವಣದ ಮೊದಲ ದಿನ ಬಿಟ್ಟಿದ್ದ. ತಿಂಗಳು ಪೂರ್ತಿ ಬಾಯಿಗೆ ಎಲೆ ಮುಟ್ಟಿಸುವುದಿಲ್ಲ, ಈ ಕೂಸು ಉಳಿಯಲಿ ಎಂದು ಗುಡಿಯಲ್ಲಿ ಕೈಮುಗಿದು ಹೇಳಿ ಬಂದಿದ್ದ.

"ಅದನ್ನ ಬಿಟ್ಟಿದ್ದು ಚಲೋನ ಆತು," ಎಂದಳು ದಾನೇಶ್ವರಿ. "ಆದ್ರ ಕೂಸಿಗೂ ಅದಕ್ಕೂ ಏನ್ರೀ ಸಂಬಂಧ?"

"ಡಾಕ್ಟರ್ ಹೇಳಿದ್ದು ಎಲ್ಲಾ ಎರಡು ಸಲ ಮಾಡಿದ್ವಿ. ಏನಾತು? ಈ ಸಲ ನನ್ನ ಕಡಿಂದ ಆಗೂದು ಇದೊಂದ. ಇದರಾಗೂ ಸಂಬಂಧ ಕೇಳಬ್ಯಾಡ."

ಅತ್ತೆ ಗುರುಬಸವ್ವ ಒಲೆಯ ಮುಂದಿನಿಂದಲೇ ನಕ್ಕಳು. "ಅಂವಾ ಹಿಂಗ ಅಡ್ಡಾಡಿದ್ರ ಶ್ರಾವಣ ಮುಗಿಯೂದ್ರೊಳಗ ನೆಲ ಸವೀತೈತಿ ತಾಯಿ."

ದಾನೇಶ್ವರಿಯೂ ನಕ್ಕಳು. ನಕ್ಕು ಅಡುಗೆಮನೆಗೆ ಹೋಗಿ ನಿಂತಾಗ, ನಾಳೆ ಅವನು ಇಳಿಯುವುದು ಅದೇ ಗಣಿಗೆ ಎಂಬುದು ನೆನಪಾಗಿ ನಗು ಅಲ್ಲಿಗೇ ನಿಂತಿತು. ಮರುದಿನ ಬೆಳಿಗ್ಗೆ ಹೋಗಬೇಡಿ ಎಂದು ಹೇಳಿ ನೋಡಿದಳು. ಮದ್ದು ತುಂಬುವ ಮೇಸ್ತ್ರಿ ಹೆಂಡತಿಯ ಮಾತು ಕೇಳಿ ಮನೆಯಲ್ಲಿ ಕೂತ ಎಂದರೆ ಊರು ಏನಂದೀತು ಎಂದು ಅವನು ಬುತ್ತಿ ಕಟ್ಟಿಕೊಂಡು ಹೋದ.

ಅಂದು ಕೆಲಸದ ಮೇಲೆ ಅವಳು ಬೇರೊಂದು ದಾರಿ ಹಿಡಿದಳು. ಗಿಣಿ ತಪ್ಪಿದವರ ತಲೆ ನೋಡಿ ನೋಡಿ ಸಾಕಾಗಿತ್ತು, ತಪ್ಪದವರ ತಲೆ ನೋಡೋಣ ಎಂದು ಮಕ್ತುಂಸಾಬನನ್ನು ಕರೆಸಿದಳು. ಮಹಾಂತೇಶನ ತಂಡದವನೇ, ಅವನ ಜೀವದ ಗೆಳೆಯ. ಇಬ್ಬರೂ ಒಂದೇ ವಯಸ್ಸಿನವರು, ಗಣಿಗೆ ಒಂದೇ ವರ್ಷ ಇಳಿದವರು. ಮಕ್ತುಂಸಾಬ ಬಂದು ಕುರ್ಚಿಯಲ್ಲಿ ಕೂತ. ಕಣ್ಣು ಕಟ್ಟಿದಳು, ಸದ್ದು ಬಿಟ್ಟಳು. ಎಡ ಅಂದರೆ ಎಡ, ಬಲ ಅಂದರೆ ಬಲ, ಹಿಂದೆ ಅಂದರೆ ಹಿಂದೆ. ಒಂದೂ ತಪ್ಪಲಿಲ್ಲ.

"ಭಾಯಿ, ನಿಮಗ ಒಮ್ಮೆನೂ ತಪ್ಪು ಕೇಳಿಸಿಲ್ಲೇನು?"

ಮಕ್ತುಂಸಾಬ ಬಾಯಿಯತ್ತ ಬೆರಳು ತೋರಿಸಿ, ತಾಳು ಎಂದು ಕೈ ಮಾಡಿ, ಹೊರಗೆ ಹೋಗಿ ಉಗುಳಿ ಬಂದ. "ಒಮ್ಮೆ ಆಗಿತ್ತವ್ವ. ಗಿಣಿ ಬಂದ ಹೊಸತರಾಗ, ರಂಜಾನ್ ಇತ್ತು. ಬಂಡಿ ಮೊಣಕೈಗೆ ಸವರಿಕೊಂಡು ಹೋತು. ಅದೊಂದ ದಿನ ರೋಜಾ ಹಿಡದಿದ್ನಿ, ನೆತ್ತಿ ಸುತ್ತಿರಬೇಕು ಅಂತ ನಾನೂ ಸುಮ್ಮನಾದೆ."

ದಾನೇಶ್ವರಿ ಕುರ್ಚಿ ತೋರಿಸಿದಳು. "ಇನ್ನೊಮ್ಮೆ ಕೂಡ್ರಿ," ಎಂದಳು.

ಕೂತ. ಅದೇ ಕುರ್ಚಿ, ಅದೇ ಗಿಣಿ, ಅದೇ ತಲೆ. ಎಡದ ಸದ್ದಿಗೆ ಮಕ್ತುಂಸಾಬ ಬಲ ತೋರಿಸಿದ. ಬಲದ ಸದ್ದಿಗೆ ಎಡ ತೋರಿಸಿದ.

ನಡುವೆ ಬದಲಾದದ್ದು ಒಂದೇ ಎಂದು ದಾನೇಶ್ವರಿಗೆ ಹೊಳೆಯಿತು: ಅವನು ಉಗುಳಿ ಬಂದ ಎಲೆ. ಗಣಿಯಲ್ಲಿ ಮದ್ದಿನ ಹತ್ತಿರ ಬೀಡಿ ಸೇದುವಂತಿಲ್ಲ. ಆದ್ದರಿಂದ ಇಲ್ಲಿ ಎಲ್ಲರದೂ ಎಲೆ ತಂಬಾಕು, ಎಲ್ಲರದೂ ಎಡಗೆನ್ನೆ. ಬಲಗಡೆಯ ಹಲ್ಲು ರೊಟ್ಟಿಗೆ ಎಂದು ಇವರ ಲೆಕ್ಕ. ತಲೆಯ ಅಳತೆ ತೆಗೆಯಲು ಬಂದಿದ್ದ ಪರಊರಿನವರು ಬಾಯಿ ಮುಚ್ಚಿಕೊಂಡು ಕೂರಿ ಎಂದಿದ್ದರು. ಇವರು ತುಂಬಿದ ಬಾಯಿಯನ್ನು ಮುಚ್ಚಿಕೊಂಡು ಕೂತಿದ್ದರು. ಇಷ್ಟು ಗಪ್‌ಚುಪ್ ಕೂತ ಜನರನ್ನು ಎಲ್ಲಿಯೂ ಕಂಡಿಲ್ಲ ಎಂದು ಅವರು ಹೊಗಳಿದ್ದೂ ಅವಳಿಗೆ ನೆನಪಾಯಿತು. ಗಿಣಿಯ ಗುಂಡಿ ಕೂರುವುದೇ ದವಡೆಯ ಕೀಲಿನ ಮೇಲೆ. ಕೆನ್ನೆಯಲ್ಲಿ ಎಲೆ ಇದ್ದಾಗ ದವಡೆ ಒಂದಿಷ್ಟು ಸರಿದಿರುತ್ತದೆ, ಸ್ನಾಯು ಬಿಗಿದಿರುತ್ತದೆ, ನಡುಕ ಹರಿಯುವ ಹಾದಿಯೇ ಬೇರೆ. ಗಿಣಿ ಕಲಿತದ್ದು ಆ ಹಾದಿಯನ್ನು. ಶ್ರಾವಣ ಬಂತು, ನೇಮ ಹಿಡಿದವರ ಬಾಯಿ ಬರಿದಾಯಿತು. ಕುಡಿದವನನ್ನೂ ಜಗಳಗಂಟನನ್ನೂ ಕಾಯುವ ಯಂತ್ರ, ದೇವರಿಗೆ ನಡೆದುಕೊಂಡವರನ್ನೇ ಬಂಡಿಯ ಬಾಯಿಗೆ ತಳ್ಳುತ್ತಿತ್ತು.

ಕೆಳಗಿನ ಹಸಿರು ಚುಕ್ಕೆಗಳಲ್ಲಿ ಮಹಾಂತೇಶ ಇದ್ದ.

"ಎಲ್ಲಾ ಬಂಡಿ ನಿಲ್ಲಸ್ರಿ," ಎಂದು ಅವಳು ದೇಶಪಾಂಡೆಯವರಿಗೆ ಕೂಗಿದಳು. ಅವರು ಎಲೆಯ ಕಥೆ ಕೇಳಿ ಮೊದಲು ನಕ್ಕರು. ಮಕ್ತುಂಸಾಬನನ್ನು ಮೂರನೆಯ ಸಲ ಕೂರಿಸಿ ತೋರಿಸಿದ ಮೇಲೆ ನಗು ನಿಲ್ಲಿಸಿ ಫೋನ್ ಎತ್ತಿಕೊಂಡರು. ಹೆಡ್ ಆಫೀಸಿನ ಒಪ್ಪಿಗೆ ಬೇಕಂತೆ. ಕೊರಳಿಗೆ ಬಂದರೂ ಕಾಗದಕ್ಕೆ ಬರುವ ತನಕ ಕಾಯುವ ಜನ.

"ನೀ ಹೆದರಬ್ಯಾಡವ್ವ," ಎಂದ ಮಕ್ತುಂಸಾಬ. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿ ಮಡಚಿ ಎಡಗೆನ್ನೆಗೆ ಒತ್ತಿಕೊಂಡ. "ನನ್ನ ಗಿಣಿ ಈಗ ಖರೇ ಹೇಳ್ತೈತಲ್ಲ. ನಾ ಹೋಗಿ ಅವನ ಕೈ ಹಿಡಕೊಂಡು ಬರ್ತೀನಿ."

ಅವನು ಇಳಿದು ಹೋದ. ದಾನೇಶ್ವರಿ ಮೈಕಿನಲ್ಲಿ ನೇಮದವರೆಲ್ಲ ನಿಂತಲ್ಲೇ ಗೋಡೆಗೆ ಆತು ನಿಲ್ಲಿ ಎಂದಳು. ಗಿಣಿ ತೆಗೆಯಬೇಡಿ ಎಂದೂ ಹೇಳಿದಳು. ಮನುಷ್ಯ ಇಲ್ಲಿದ್ದಾನೆ ಎಂದು ಬಂಡಿಗೆ ತಿಳಿಯುವುದು ಗಿಣಿಯಿಂದಲೇ, ಅದನ್ನು ಕಿತ್ತರೆ ಬಂಡಿಯ ಪಾಲಿಗೆ ಆ ಮನುಷ್ಯನೇ ಇಲ್ಲ. ಇಷ್ಟು ದಿನ ಬಂಡಿ ಬಾರದ ಮೂಲೆಯಲ್ಲಿ ಮದ್ದು ತುಂಬುತ್ತಿದ್ದ ಮಹಾಂತೇಶ ಇಂದು ಇದ್ದದ್ದು ಇಳಿಜಾರಿನ ತಳದಲ್ಲಿ, ಎರಡು ಬಂಡಿದಾರಿಗಳು ಕೂಡುವ ನಡುಜಾಗದಲ್ಲಿ. ಅಲ್ಲಿ ಆತುಕೊಳ್ಳಲು ಗೋಡೆಯೇ ಇಲ್ಲ. ಧೂಳು ಕೂರಿಸಲು ಮಂಜಿನಂತೆ ನೀರು ಚಿಮುಕಿಸುತ್ತಾರಾದ್ದರಿಂದ ಒಂದು ಮಾರಿನ ಆಚೆ ಕಾಣಿಸುವುದೂ ಇಲ್ಲ.

"ರೀ, ನಿಮ್ಮ ಗಿಣಿ ಉಲ್ಟಾ ಹೇಳಾಕತ್ತೈತಿ. ಬಾಯಾಗ ಎಲಿ ಇಲ್ಲ, ಅದಕ್ಕ. ಎಡಕ್ಕ ಕೇಳಿದ್ರ ಬಲಕ್ಕ ಅನ್ಕೋರಿ. ಭಾಯಿ ಬರಾಕತ್ತಾರ, ಅವರ ಕೈ ಹಿಡಕೊಂಡು ಬರ್ರಿ."

"ಎಲಿಗೂ ಗಿಣಿಗೂ ಏನ ಸಂಬಂಧ?" ಎಂದ ಮಹಾಂತೇಶ. ಅಂದವನೇ, "ಆಗ್ಲಿ, ನೀ ಹೇಳಿದ್ರ ಆತು," ಎಂದ.

ಎರಡು ಚುಕ್ಕೆಗಳು ಕೂಡಿದವು. ಅದೇ ಹೊತ್ತಿಗೆ ಎಡದಾರಿಯ ಮೇಲಿನ ತುದಿಯಲ್ಲಿ ಖಾಲಿ ಬಂಡಿಯೊಂದು ಇಳಿಯತೊಡಗಿತ್ತು. ದಾನೇಶ್ವರಿ ಹೆಡ್ ಆಫೀಸನ್ನು ಕಾಯಲಿಲ್ಲ, ಎಲ್ಲ ಬಂಡಿಗಳನ್ನೂ ನಿಲ್ಲಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಉಳಿದ ಬಂಡಿಗಳೆಲ್ಲ ನಿಂತವು. ಇಳಿಯುತ್ತಿದ್ದದ್ದು ಬ್ರೇಕ್ ಹಾಕಿತು, ಕಲ್ಲುಹುಡಿಯ ಕೆಸರಿನಲ್ಲಿ ಗಾಲಿ ತಿರುಗುವುದು ನಿಂತಿತು, ಬಂಡಿ ಮಾತ್ರ ನಿಲ್ಲದೆ ಜಾರುತ್ತಲೇ ಬಂತು.

"ಭಾಯಿ, ಎಡದಾರ್ಯಾಗ ಬಂಡಿ! ಬಲಕ್ಕ ಸರೀರಿ!"

ಮಕ್ತುಂಸಾಬ ಬಲಕ್ಕೆ ಎಳೆದ. ಮಹಾಂತೇಶ ಎಡಕ್ಕೆ ಎಳೆದ. ಇಬ್ಬರ ದನಿಗಳೂ ಸ್ಪೀಕರಿನಲ್ಲಿ ಒಂದರ ಮೇಲೊಂದು ಬಿದ್ದವು.

"ಇತ್ತ ಬಾ ಲೇ! ಎಡಕ್ಕ ಐತಿ ಬಂಡಿ!" ಎಲೆ ತುಂಬಿದ ಬಾಯಿ, ಅರ್ಧ ಮಾತು ನುಂಗಿ ಹೋಗುತ್ತಿತ್ತು.

"ಬಲಕ್ಕ ಐತೋ ದೋಸ್ತ! ನಿನ್ನ ಮೈಮ್ಯಾಲೆ ಬರಾಕತ್ತೈತಿ, ನನಗ ಕೇಳಾಕತ್ತೈತಿ!"

"ರೀ, ಅವರ ಹಿಂದ ಹೋಗ್ರಿ! ನಾ ಹೇಳಿದ್ನಲ್ಲ!"

"ಗೊತ್ತೈತಿ!" ಎಂದು ಮಹಾಂತೇಶ ಅರಚಿದ. "ಗೊತ್ತೈತಿ, ಕಾಲು ಕೇಳವಲ್ವು!"

ತಲೆಗೆ ಗೊತ್ತಿರುವುದು ಬೇರೆ, ಎಲುಬಿಗೆ ಅನ್ನಿಸುವುದು ಬೇರೆ. ಬಂಡಿ ಬಲದಿಂದ ಬರುತ್ತಿದೆ ಎಂದು ಬುರುಡೆಯೇ ಗಡಗಡಿಸುವಾಗ ಅತ್ತ ಹೆಜ್ಜೆ ಇಡು ಎಂದರೆ ಯಾವ ಕಾಲು ಕೇಳೀತು? ಇಬ್ಬರೂ ಪರಸ್ಪರರನ್ನು ಉಳಿಸಲೆಂದೇ ಎಳೆದಾಡುತ್ತಿದ್ದರು. ಮಹಾಂತೇಶನ ಕಸುವು ಹೆಚ್ಚು. ಎರಡು ಚುಕ್ಕೆಗಳೂ ಮೆಲ್ಲಗೆ ಎಡಕ್ಕೆ, ಬಂಡಿಯ ದಾರಿಗೆ ಸರಿಯುತ್ತಿದ್ದವು.

ದಾನೇಶ್ವರಿಗೆ ಉಳಿದದ್ದು ಒಂದೇ ಮಾತು. ಅದನ್ನು ಆಡಬಾರದೆಂದು ಅವಳಿಗೆ ಗೊತ್ತಿತ್ತು. "ಎಲಿ ಹಾಕ್ಕೋರಿ!" ಎಂದು ಕಿರುಚಿದಳು. "ನೇಮ ಮುರೀರಿ! ಕೂಸಿಗೆ ಏನೂ ಆಗೂದಿಲ್ಲ, ನಿಮ್ಮ ಕಾಲ ಬೀಳ್ತೀನಿ!"

"ಅದೊಂದು ಹೇಳಬ್ಯಾಡ!"

ಸಂಚಿ ಬಿಚ್ಚಿ ಎಲೆ ಮಡಚಲು ಹೊತ್ತಿರಲಿಲ್ಲ. ಸ್ಪೀಕರಿನಲ್ಲಿ ಒಮ್ಮೆ ಏದುಸಿರು, ಗುದ್ದಾಟ, ಯಾರೋ ಉಸಿರುಕಟ್ಟಿ ಓಕರಿಸಿದ ಸದ್ದು. ಆಮೇಲೆ ಮಕ್ತುಂಸಾಬನ ದನಿ ಒಮ್ಮೆಲೇ ತಿಳಿಯಾಗಿ ಕೇಳಿಸಿತು. ಬಾಯಿ ಬರಿದಾದವನ ದನಿ.

"ಕಚ್ಚಿ ಹಿಡಿ. ಉಗುಳಬ್ಯಾಡ. ಹ್ಞಾಂ, ಈಗ ನೀ ಎಳಿ. ನನಗ ಉಲ್ಟಾ ಕೇಳಾಕತ್ತೈತಿ. ನಾ ಕಣ್ಣು ಮುಚ್ಚೀನಿ, ನೀ ಎತ್ತ ಎಳೀತಿ ಅತ್ತ ಬರ್ತೀನಿ."

ಎರಡು ಚುಕ್ಕೆಗಳೂ ಬಲಕ್ಕೆ ಹಾರಿದವು. ಜಾರುತ್ತ ಬಂದ ಬಂಡಿ ಅವರು ನಿಂತಿದ್ದ ಜಾಗವನ್ನು ದಾಟಿ ಎಡಗೋಡೆಗೆ ಒರಗಿ ನಿಂತಿತು. ದಾನೇಶ್ವರಿ ಮೇಜಿಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳು. ಹೆಡ್ ಆಫೀಸಿನಿಂದ ಒಪ್ಪಿಗೆ ಬಂತು ಎಂದು ದೇಶಪಾಂಡೆ ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಸಂಜೆ ಮನೆಯಲ್ಲಿ ಮಹಾಂತೇಶ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ. ಬಂದು ಕೂತ. ಎದ್ದು ಹೋಗಿ ಮತ್ತೆ ಮುಕ್ಕಳಿಸಿದ. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಅದಕ್ಕೇ ದಾನೇಶ್ವರಿಗೆ ಹೆಚ್ಚು ಹೆದರಿಕೆಯಾಯಿತು.

"ಅಯ್ಯೋ, ಜೀವ ಉಳದೈತಲ್ಲ," ಎಂದಳು ಗುರುಬಸವ್ವ. "ಆಪತ್ತಿಗೆ ದೇವರೂ ಕಣ್ಣು ಮುಚ್ಚತಾನ ಬಿಡಪ್ಪ."

"ಇಕಿ ಹೇಳಿದ್ದಕ್ಕ ಮುರದಿದ್ರ ಇಕಿ ಮ್ಯಾಲ ಸಿಟ್ಟಾಗತಿದ್ನಿ. ನಾನ ತಿಂದಿದ್ರ ನನ್ನ ಮ್ಯಾಲ ಆಗತಿದ್ನಿ. ಅಂವಾ ತನ್ನ ಬಾಯಾಗಿಂದು ತಗದು ಕೊಟ್ಟಾನವ್ವ, ತನ್ನ ಕಿವಿ ಬಿಟ್ಟುಕೊಟ್ಟಾನ. ಯಾರ ಮ್ಯಾಲ ಸಿಟ್ಟಾಗಲಿ?" ಅವನು ದಾನೇಶ್ವರಿಯ ಹೊಟ್ಟೆಯತ್ತ ನೋಡಿದ, ಕೂಡಲೇ ಬೇರೆಡೆ ನೋಡಿದ.

ನೇಮಗೀಮವೆಲ್ಲ ಸುಳ್ಳು, ಕೂಸಿಗೂ ಎಲೆಗೂ ಸಂಬಂಧವಿಲ್ಲ ಎಂದು ದಾನೇಶ್ವರಿ ಹೇಳಹೊರಟಳು. ನಿನ್ನೆ ಅಷ್ಟು ಸುಲಭವಾಗಿದ್ದ ಮಾತಿನ ಬದಲು ಈಗ ಕೈ ಹೊಟ್ಟೆಯ ಮೇಲೆ ಹೋಯಿತು. ಮಧ್ಯಾಹ್ನದಿಂದ ಕೂಸು ಒಮ್ಮೆಯೂ ಮಿಸುಕಿರಲಿಲ್ಲ. ಐದನೆಯ ತಿಂಗಳಲ್ಲಿ ಹಾಗಾಗುವುದುಂಟು ಎಂದು ಅವಳು ಓದಿದ್ದಳು. ಓದಿದ್ದು ಕೈಯನ್ನು ಹೊಟ್ಟೆಯ ಮೇಲಿಂದ ಸರಿಸಲಿಲ್ಲ.

ಬಾಗಿಲಲ್ಲಿ ಮಕ್ತುಂಸಾಬ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ. "ಮೊದಲು ಮಾತು ಆಗ್ಲಿ," ಎಂದ. "ನಿನ್ನ ನೇಮ ಮುರದಾವ ನಾನು. ನೀ ಅಲ್ಲ, ತಂಗೀನೂ ಅಲ್ಲ. ಉಳದ ಶ್ರಾವಣ ನಾ ಹಿಡೀತೀನಿ. ಮಧ್ಯಾಹ್ನದಿಂದ ಎಲಿ ಮುಟ್ಟಿಲ್ಲ. ಸಂಚಿ ನಿಮ್ಮವ್ವನ ಕೈಯಾಗ ಕೊಡ್ತೀನಿ, ಇಟ್ಟುಕೊಳ್ಳಲಿ."

"ರಂಜಾನ್ ಆತು, ಈಗ ಇದ್ಯಾವ ಉಪಾಸೋ ನಿಂದು?" ಎಂದಳು ಗುರುಬಸವ್ವ.

"ನಿನ್ನ ಮೊಮ್ಮಗಂದು, ಅವ್ವ."

ಮಹಾಂತೇಶ ಬಾಗಿಲತ್ತ ತಿರುಗಿದ. "ನೀ ಹಿಡದ ನೇಮ ನಮ್ಮ ದೇವರಿಗೆ ಮುಟ್ಟತೈತೇನೋ?"

"ನಿನ್ನ ದೇವರೇನು ಕ್ವಾರ್‍ಯಾಗ ಕೆಲಸ ಮಾಡ್ತಾನೇನು, ಕಿವ್ಯಾಗ ಬೆಣೆ ಹಾಕ್ಕೊಂಡು ಕುಂದರಾಕ?"

ಗುರುಬಸವ್ವ ಮೊದಲು ನಕ್ಕಳು. ಮಹಾಂತೇಶ ನಗಬೇಕೋ ಅಳಬೇಕೋ ತಿಳಿಯದೆ ಎದ್ದು ಹೋಗಿ ಗೆಳೆಯನನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡ. ಮುರಿದ ನೇಮವನ್ನು ತಾನೂ ನಾಳೆಯಿಂದ ಮತ್ತೆ ಹಿಡಿಯುವುದಾಗಿ ಹೇಳಿದ. ಅವರು ರೊಟ್ಟಿ ತಿನ್ನುತ್ತ ಕೂತಿದ್ದಾಗ ಕೂಸು ಒದೆಯಿತು. ದಾನೇಶ್ವರಿ ಮೂವರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು. ಅದು ಎಲೆಗೆ ಒದೆಯಿತೋ, ನೇಮಕ್ಕೆ ಒದೆಯಿತೋ, ರೊಟ್ಟಿಗೆ ಒದೆಯಿತೋ, ಅವಳಿಗೆ ಬೇಕಾಗಿರಲಿಲ್ಲ.

ಎಲ್ಲರ ತಲೆಯನ್ನೂ ಮತ್ತೆ ಅಳೆಯುವ ತನಕ ಗಣಿ ಮುಚ್ಚಿತು. ಈ ಸಲ ದಾನೇಶ್ವರಿಯೇ ಕುರ್ಚಿಯ ಪಕ್ಕ ನಿಂತು ಒಬ್ಬೊಬ್ಬರದೂ ಎರಡೆರಡು ಅಳತೆ ತೆಗೆದಳು, ತುಂಬಿದ ಬಾಯಿಗೊಂದು, ಬರಿಬಾಯಿಗೊಂದು. ಗಿಣಿಗೆ ಸ್ವಿಚ್ಚಿನಂಥ ಒಂದು ಸಣ್ಣ ಗುಬುಟು ಹಚ್ಚಿ, ಎಲೆ ಇದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ ಎಂದು ಕಲಿಸಿದಳು. ಮಹಾಂತೇಶನನ್ನೂ ಮಕ್ತುಂಸಾಬನನ್ನೂ ಬೇರೆಯವರಿಗಿಂತ ಹೆಚ್ಚು ಸಲ ಕೂರಿಸಿದಳು. ಎಡ ಎಡವೇ ಆಯಿತು, ಬಲ ಬಲವೇ.

ಗಣಿ ತೆರೆದ ದಿನ ಇಬ್ಬರೂ ಬರಿಬಾಯಿಯಲ್ಲಿ ಇಳಿದರು. ತಳದಲ್ಲಿ ಮಂಜು ದಟ್ಟವಾಗಿತ್ತು. ಬಂಡಿಯೊಂದು ಬಲದಾರಿಯಲ್ಲಿ ಇಳಿಯಿತು, ಎರಡು ಚುಕ್ಕೆಗಳೂ ಸರಿಯಾಗಿ ಎಡಕ್ಕೆ ಸರಿದವು. ಯಂತ್ರ ಸರಿಯಾಗಿದೆ ಎಂಬುದಕ್ಕೆ ಇನ್ನೇನು ಬೇಕು? ಆದರೆ ಚುಕ್ಕೆಗಳು ಎರಡಾಗಿ ಸರಿಯಲಿಲ್ಲ, ಒಂದಕ್ಕೊಂದು ಅಂಟಿಕೊಂಡೇ ಸರಿದವು. ಬಂಡಿ ಹೋದ ಮೇಲೂ ಬಿಡಲಿಲ್ಲ.

"ಇನ್ನ ಕೈ ಬಿಡ್ರಿ, ಎಲ್ಲಾ ಸರಿ ಐತಿ," ಎಂದಳು ದಾನೇಶ್ವರಿ ಮೈಕಿನಲ್ಲಿ. "ಗಿಣಿ ಈಗ ಖರೇ ಹೇಳ್ತೈತಿ."

"ಗೊತ್ತೈತಿ," ಎಂದ ಮಹಾಂತೇಶ.

ಕೈ ಬಿಡಲಿಲ್ಲ. ದಾನೇಶ್ವರಿ ಮೈಕು ಆರಿಸಿದಳು.